ಸಖ್ಯವೋ ವಾತ್ಸಲ್ಯವೋ? — ‘ಸಿನೆಮಾ ಪ್ಯಾರಾಡಿಸೊ’ ಚಿತ್ರದ ಹಿರಿಯ ಮತ್ತು ಹುಡುಗ

1

ಮುದುಕರಿಗೂ ಮಕ್ಕಳಿಗೂ ನಡುವೆ ಬೆಳೆಯುವ ಸ್ನೇಹವನ್ನು ವಸ್ತುವಾಗಿ ಆರಿಸಿಕೊಂಡ ಚಲಚ್ಚಿತ್ರಗಳು ಅನೇಕ ಭಾಷೆಗಳಲ್ಲಿ ಇವೆ. ಅಂಥ ಚಿತ್ರವನ್ನು ನೋಡಿ ಕಣ್ಣೊರಸಿಕೊಂಡು ಹೊರಬರುವುದು ಸುಲಭ. ಅದರ ವಿಷಯದಲ್ಲಿ ವಿಚಾರಮಾಡುವುದು ಅಷ್ಟು ಸುಲಭವಲ್ಲ. ವಸ್ತುವೇ ಪ್ರೇಕ್ಷಕನ ಮನಸ್ಸನ್ನು ಮೊದಲೇ ಗೆದ್ದುಕೊಂಡಿರುವುದರಿಂದ, ಕೃತಿ ತನ್ನ ಶಕ್ತಿಯಿಂದ ಗೆದ್ದದ್ದು ಎಷ್ಟು ಎಂಬ ಲೆಕ್ಕ ತಪ್ಪಿಹೋಗುತ್ತದೆ. ಪ್ರಕೃತ ಲೇಖನದಲ್ಲಿ ಈ ಬಗೆಯ ಚಿತ್ರಗಳಲ್ಲಿ ಬಹು ಪ್ರಸಿದ್ಧವಾದ ಒಂದನ್ನು, ಇಟಲಿಯ ನಿರ್ದೇಶಕ ಜುಸೆಪ್ಪೆ ತೊರ್ನತೋರೆಯ ‘ಸಿನೆಮಾ ಪ್ಯಾರಾಡಿಸೊ’ (1988) ಎಂಬುದನ್ನು ತೆಗೆದುಕೊಂಡು, ಒಂದೇ ಪ್ರಶ್ನೆಯನ್ನು ಕೇಳಬೇಕೆಂದಿದ್ದೇವೆ: ಅದರಲ್ಲಿನ ಹಿರಿಯನಿಗೂ ಹುಡುಗನಿಗೂ ಇರುವ ಸಂಬಂಧ ಸಖ್ಯವೋ, ವಾತ್ಸಲ್ಯವೋ?

ಸಿಸಿಲಿಯ ಹಳ್ಳಿಯೊಂದರ ಟಾಕೀಸಿನ ಕಥೆಯನ್ನು ಬೆಂಗಳೂರಿನ ದಂಡುಪ್ರದೇಶದಲ್ಲಿ ಕುಳಿತು ಏಕೆ ವಿಮರ್ಶಿಸಬೇಕೆಂದು ವಾಚಕರು ಕೇಳಬಹುದು. ಎರಡು ಕಾರಣಗಳುಂಟು. ಆ ಚಿತ್ರದ ಕೊನೆಯಲ್ಲಿ ಊರಿನ ಟಾಕೀಸು ನೆಲಸಮವಾಗುತ್ತದೆ. ಅಂಥದೇ ಹಲವು ಚಿತ್ರಮಂದಿರಗಳು ನಮ್ಮ ಈ ಭಾಗದಲ್ಲಿ ಕಣ್ಣಮುಂದೆಯೇ ಕಾಣೆಯಾಗಿವೆ. ಇದು ಹೊರಗಿನ ಕಾರಣ. ಇನ್ನೊಂದು ಒಳಗಿನದು. ಆ ಚಿತ್ರದ ಹಿರಿಯ ಹುಡುಗನಿಗೆ ಊರು ಬಿಟ್ಟು ಹೋಗು, ತಿರುಗಿ ಬರಬೇಡ ಎಂದು ಹೇಳುತ್ತಾನೆ. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಕಡೆಯಿಂದ ಬರುವ ವಿದ್ಯಾರ್ಥಿಗಳಿಗೆ ಮನೆಯ ಹಿರಿಯರೂ ಅಧ್ಯಾಪಕರೂ ಕೊಡುತ್ತಿರುವ ಉಪದೇಶ ಇದಕ್ಕಿಂತ ಬಹಳ ಬೇರೆಯಲ್ಲ. ಆದುದರಿಂದ ಆ ಉಪದೇಶದ ಬೆಲೆಯೇನೆಂಬುದು ನಮಗೂ ಸಂಬಂಧಪಟ್ಟ ವಿಷಯ.

ನಮ್ಮ ಅಲಂಕಾರಶಾಸ್ತ್ರ ಈ ಎರಡು ಭಾವಗಳನ್ನೂ ಬೇರೆಬೇರೆಯಾಗಿ ಗುರುತಿಸಿದೆ. ಒಂಬತ್ತು ರಸಗಳಿಗೆ ರುದ್ರಟನು ‘ಪ್ರೇಯಾನ್’ ಎಂಬ ಹತ್ತನೆಯದನ್ನು ಸೇರಿಸಿ, ಸ್ನೇಹವನ್ನು ಅದಕ್ಕೆ ಸ್ಥಾಯಿಯೆಂದನು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ವತ್ಸಲವನ್ನು ರಸವೆಂದು ಒಪ್ಪಿಕೊಂಡು, ಪುತ್ರಾದಿಗಳನ್ನು ಅದಕ್ಕೆ ಆಲಂಬನವೆಂದು ಹೇಳಿದನು. ಭಕ್ತಿಶಾಸ್ತ್ರದಲ್ಲಿ ಈ ಭೇದ ಇನ್ನೂ ಸ್ಪಷ್ಟ: ಅರ್ಜುನನದು ಸಖ್ಯ, ಯಶೋದೆಯದು ವಾತ್ಸಲ್ಯ. ವಾತ್ಸಲ್ಯ ಮೇಲಿನಿಂದ ಕೆಳಕ್ಕೆ ಹರಿಯುವಂಥದು. ಅದರಲ್ಲಿ ಕೊಡುವವರು ಒಬ್ಬರು, ಪಡೆಯುವವರು ಒಬ್ಬರು. ಸಖ್ಯಕ್ಕೆ ಸಮಾನತೆ ಬೇಕು. ಭಾರತದ ದ್ರುಪದನು ದ್ರೋಣನನ್ನು ನಿರಾಕರಿಸುವುದು ಈ ತರ್ಕದಿಂದಲೇ. ಸಮಾನರಲ್ಲದವರಿಗೆ ಸಖ್ಯವೆಲ್ಲಿಯದು ಎಂಬುದೇ ಅವನ ಮಾತಿನ ಸಾರ. ಪಂಪನನ್ನು ಓದಿದ ವಿದ್ಯಾರ್ಥಿಗಳಿಗೆ ಈ ಪ್ರಸಂಗ ಹೊಸದಲ್ಲ. ದ್ರುಪದನ ಅಹಂಕಾರವನ್ನು ನಾವು ಒಪ್ಪುವುದಿಲ್ಲ. ಆದರೆ ಅವನ ಪ್ರಶ್ನೆ ಮಾತ್ರ ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಎಂಟು ವರ್ಷದ ಹುಡುಗನಿಗೂ ತಲೆನರೆತವನಿಗೂ ಸಮಾನತೆ ಎಲ್ಲಿಂದ ಬಂದೀತು?

2

ನಮ್ಮ ದೇಶದ ಚಿತ್ರಗಳು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಮೊದಲು ನೋಡುವುದು ಉಚಿತ. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯಲ್ಲಿ (1955) ಇಂದಿರ್ ಎಂಬ ಮುದುಕಿಗೂ ದುರ್ಗೆಗೂ ಇರುವ ಸ್ನೇಹವನ್ನು ಮರೆಯಲಾಗದು. ದುರ್ಗೆ ತೋಟದಿಂದ ಹಣ್ಣು ಕದ್ದುತಂದು ಮುದುಕಿಯ ಗಡಿಗೆಯಲ್ಲಿ ಬಚ್ಚಿಡುತ್ತಾಳೆ. ಮನೆಯೊಡತಿಗೆ ಇಬ್ಬರ ಮೇಲೂ ಸಿಟ್ಟು. ಚುನಿಬಾಲಾ ದೇವಿಯವರ ಅಭಿನಯದಲ್ಲಿ ಆ ಮುದುಕಿಯ ಹಸಿವೂ ಹುಡುಗಾಟವೂ ಒಂದರೊಳಗೊಂದು ಸೇರಿಹೋಗಿವೆ. ಮನೆಯ ದುಡಿಮೆಯ ಲೆಕ್ಕಕ್ಕೆ ಸೇರದವರು ಇಬ್ಬರು: ಇನ್ನೂ ದುಡಿಯಲಾರದ ಮಗು, ಇನ್ನು ದುಡಿಯಲಾರದ ಮುದುಕಿ. ಅವರ ಸಮಾನತೆ ಅಸಹಾಯಕತೆಯ ಸಮಾನತೆ.

ಕರ್ನಾಟಕಕ್ಕೆ ಹತ್ತಿರದ ಉದಾಹರಣೆ ಬೇಕೆಂದರೆ ಆರ್. ಕೆ. ನಾರಾಯಣರ ಸ್ವಾಮಿ ಮತ್ತು ಅವನ ಅಜ್ಜಿ ಇದ್ದಾರೆ. ನಾರಾಯಣರು ಆ ಕಾದಂಬರಿಯನ್ನು 1930ರಲ್ಲಿ ಬೆಂಗಳೂರಿನಲ್ಲಿ ಬರೆಯತೊಡಗಿದರು. ಅದು 1935ರಲ್ಲಿ ಅಚ್ಚಾಯಿತು. ಶಂಕರನಾಗ್ ಅವರು 1986ರ ಸುಮಾರಿಗೆ ಆಗುಂಬೆಯಲ್ಲಿ ಚಿತ್ರಿಸಿದ ದೂರದರ್ಶನದ ‘ಮಾಲ್ಗುಡಿ ಡೇಸ್’ ಮಾಲೆ ಅವರಿಬ್ಬರನ್ನೂ ಮನೆಮನೆಗೆ ತಂದಿತು. ಕಾದಂಬರಿಯಲ್ಲಿ ಅಜ್ಜಿಯ ಇರವು ಮನೆಯ ನಡುವಣ ಓಣಿಯಂಥ ಜಾಗದಲ್ಲಿ. ಅವಳಿಗೆ ಗಂಡನ ಪದಕದ ಕಥೆ ಹೇಳುವ ಆಸೆ; ಸ್ವಾಮಿಗೆ ಹೊಸ ಗೆಳೆಯ ರಾಜಂನ ಪ್ರತಾಪ ಹೇಳುವ ಆತುರ. ಒಬ್ಬರ ಮಾತು ಇನ್ನೊಬ್ಬರಿಗೆ ತಲುಪುವುದೇ ಇಲ್ಲ. ಹಾಗಿದ್ದೂ ಹುಡುಗನ ತಲೆ ಅಜ್ಜಿಯ ತೊಡೆಯ ಮೇಲೆಯೇ ಇರುತ್ತದೆ. ಗಿರೀಶ ಕಾಸರವಳ್ಳಿಯವರ ‘ಕ್ರೌರ್ಯ’ದಲ್ಲಿಯೂ (1996) ರೇಣುಕಮ್ಮ ಮುರಗೋಡ ಅವರು ಅಭಿನಯಿಸಿದ ಅಜ್ಜಿಯ ಏಕೈಕ ಸಂಪತ್ತು ಕಥೆ.

ಈ ಮೂರರಲ್ಲಿಯೂ ಹಿರಿಯರು ಮನೆಯವರೇ, ಪರಾಧೀನರು, ಅವರ ಕೈಯಲ್ಲಿ ಕೆಲಸವಿಲ್ಲ, ಬಾಯಲ್ಲಿ ಕಥೆಯಿದೆ. ನಮ್ಮ ಚಿತ್ರಗಳಲ್ಲಿ ಮಗುವಿಗೂ ಮುದುಕರಿಗೂ ನಡೆಯುವ ವ್ಯವಹಾರದ ನಾಣ್ಯ ಕಥೆ ಮತ್ತು ತಿಂಡಿ. ತೊರ್ನತೋರೆ ಈ ದಾರಿಯನ್ನು ಬಿಟ್ಟಿದ್ದಾನೆ. ಅವನ ಆಲ್ಫ್ರೆಡೊ ಹುಡುಗನಿಗೆ ರಕ್ತಸಂಬಂಧಿಯಲ್ಲ. ಅವನೊಬ್ಬ ಕೆಲಸಗಾರ, ಟಾಕೀಸಿನ ಆಪರೇಟರ್. ಇಲ್ಲಿ ಸ್ನೇಹದ ನಾಣ್ಯ ಒಂದು ಕಸುಬು.

3

ಕಥೆ ನಡೆಯುವುದು ಜಾಂಕಾಲ್ಡೊ ಎಂಬ ಕಲ್ಪಿತ ಊರಿನಲ್ಲಿ. ಚಿತ್ರೀಕರಣದ ಬಹುಭಾಗ ನಡೆದದ್ದು ಸಿಸಿಲಿಯ ಪಲಾಜ್ಜೊ ಆದ್ರಿಯಾನೊದಲ್ಲಿ. ಎರಡನೆಯ ಮಹಾಯುದ್ಧ ಮುಗಿದಿದೆ. ತೊತೊ ಎಂಬ ಹುಡುಗನ ತಂದೆ ರಷ್ಯದ ರಣರಂಗದಿಂದ ಹಿಂತಿರುಗಿಲ್ಲ. ಫ್ರೆಂಚ್ ನಟ ಫಿಲಿಪ್ ನುವಾರೆ ಅಭಿನಯಿಸಿರುವ ಆಲ್ಫ್ರೆಡೊಗೆ ಮಕ್ಕಳಿಲ್ಲ. ತಂದೆಯಿಲ್ಲದ ಮಗು, ಮಗುವಿಲ್ಲದ ಗಂಡಸು ಎಂಬ ಈ ಜೋಡಣೆಯಿಂದ ಅಗ್ಗದ ವಾತ್ಸಲ್ಯವನ್ನು ಹಿಂಡಿ ತೆಗೆಯುವುದು ಕಷ್ಟವಲ್ಲ. ತೊರ್ನತೋರೆ ಅದಕ್ಕೆ ಅವಕಾಶ ಕೊಡದೆ, ಇಬ್ಬರನ್ನೂ ಮೊದಲು ಚೌಕಾಶಿಗೆ ಇಳಿಸುತ್ತಾನೆ. ಊರಿನ ಪಾದ್ರಿ ಪ್ರತಿಯೊಂದು ಚಿತ್ರವನ್ನೂ ಮುಂಚಿತವಾಗಿ ನೋಡಿ, ಮುತ್ತಿನ ದೃಶ್ಯ ಬಂದೊಡನೆ ಗಂಟೆ ಬಾರಿಸುತ್ತಾನೆ; ಆಲ್ಫ್ರೆಡೊ ಅಷ್ಟನ್ನು ಕತ್ತರಿಸಿ ತೆಗೆಯಬೇಕು. ಆ ತುಣುಕುಗಳು ತನಗೆ ಬೇಕೆಂದು ತೊತೊ ಹಟಹಿಡಿಯುತ್ತಾನೆ. ತುಣುಕುಗಳು ನಿನ್ನವೇ, ಆದರೆ ಇಟ್ಟುಕೊಳ್ಳುವವನು ನಾನು ಎಂಬ ಅರ್ಥದ ಮಾತನ್ನು ಹಿರಿಯ ಹೇಳುತ್ತಾನೆ. ನಗೆ ಬರಿಸುವ ಈ ಸಣ್ಣ ಒಪ್ಪಂದವನ್ನು ವಾಚಕರು ನೆನಪಿನಲ್ಲಿಡಬೇಕು. ಚಿತ್ರದ ಕೊನೆಯ ದೃಶ್ಯ ಇದರ ಮೇಲೆಯೇ ನಿಂತಿದೆ.

ಇಬ್ಬರ ಸಖ್ಯ ನಿಜವಾಗಿ ಹುಟ್ಟುವುದು ಪರೀಕ್ಷೆಯ ಕೊಠಡಿಯಲ್ಲಿ. ಪ್ರಾಥಮಿಕ ಶಾಲೆಯ ಪ್ರಮಾಣಪತ್ರಕ್ಕಾಗಿ ಆಲ್ಫ್ರೆಡೊ ಮಕ್ಕಳ ಜೊತೆಯಲ್ಲಿ ಪರೀಕ್ಷೆಗೆ ಕುಳಿತಿದ್ದಾನೆ. ಚಿಕ್ಕ ಬೆಂಚಿನಲ್ಲಿ ದೊಡ್ಡ ಮೈಯನ್ನು ಹುದುಗಿಸಿಕೊಂಡು, ಲೆಕ್ಕ ಬಿಡಿಸಲಾರದೆ ಬೆವರುತ್ತಿದ್ದಾನೆ. ಅಲ್ಲಿ ಬಲ್ಲವನು ತೊತೊ, ತಿಳಿಯದವನು ಹಿರಿಯ. ಆಪರೇಟರನ ಕೋಣೆಗೆ ಬರಲು ಬಿಟ್ಟು ಕೆಲಸ ಕಲಿಸುವುದಾದರೆ ಉತ್ತರ ಹೇಳುತ್ತೇನೆಂದು ಹುಡುಗ ಕೈಸನ್ನೆಯಲ್ಲೇ ಕರಾರು ಮಾಡಿಕೊಳ್ಳುತ್ತಾನೆ. ದ್ರುಪದನ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ದೊರೆಯುತ್ತದೆ. ವಯಸ್ಸಿನ ಅಂತರ ಅಳಿಯುವುದಿಲ್ಲ. ಆದರೆ ಒಬ್ಬರಿಗೆ ಗೊತ್ತಿಲ್ಲದ್ದು ಇನ್ನೊಬ್ಬರಿಗೆ ಗೊತ್ತಿದೆ ಎಂಬುದು ಇಬ್ಬರಿಗೂ ಗೊತ್ತಾದಾಗ ಸಮಾನತೆಗೆ ನೆಲೆ ಸಿಕ್ಕುತ್ತದೆ. ಪರೀಕ್ಷೆಯಲ್ಲಿ ನಕಲು ಮಾಡುವುದನ್ನು ಅಧ್ಯಾಪಕರಾದ ನಾವು ಸಮರ್ಥಿಸಲಾರೆವು. ಕಲೆಯ ದೃಷ್ಟಿಯಿಂದ ಈ ದೃಶ್ಯದ ಔಚಿತ್ಯ ಮಾತ್ರ ಪ್ರಶ್ನಾತೀತ.

ಆಮೇಲೆ ಬರುವ ಬೆಂಕಿಯ ಪ್ರಸಂಗ ಈ ಸಮಾನತೆಯನ್ನು ಮುಂದಕ್ಕೆ ಒಯ್ಯುತ್ತದೆ. ಟಾಕೀಸಿನ ಒಳಗೆ ಜಾಗ ಸಿಕ್ಕದ ಜನಕ್ಕಾಗಿ ಆಲ್ಫ್ರೆಡೊ ಚಿತ್ರದ ಬೆಳಕನ್ನು ಗಾಜಿನ ಮೂಲಕ ತಿರುಗಿಸಿ, ಚೌಕದ ಎದುರುಮನೆಯ ಗೋಡೆಯ ಮೇಲೆ ಬೀಳಿಸುತ್ತಾನೆ. ಅಷ್ಟರಲ್ಲಿ ರೀಲಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಆ ಕಾಲದ ಫಿಲ್ಮು ನೈಟ್ರೇಟ್ ಸೆಲ್ಯುಲಾಯ್ಡಿನದು. ಉರಿಯತೊಡಗಿದರೆ ನೀರಿಗೂ ಆರುವಂಥದಲ್ಲ. 1950ರ ದಶಕದ ಆದಿಯಲ್ಲಿ ಅದರ ತಯಾರಿಕೆ ನಿಂತು, ಸುಲಭವಾಗಿ ಉರಿಯದ ಫಿಲ್ಮು ಬಳಕೆಗೆ ಬಂದಿತು. ಎಂದರೆ ಈ ಅಪಘಾತ ಕಥೆಗಾರನು ಹೊರಗಿನಿಂದ ತಂದು ಹಾಕಿದ ದೈವಯೋಗವಲ್ಲ. ಕಸುಬಿನೊಳಗೆ ಮೊದಲಿನಿಂದ ಇದ್ದ ಅಪಾಯ. ಪುಟ್ಟ ತೊತೊ ಹಿರಿಯನನ್ನು ಮೆಟ್ಟಿಲುಗಳ ಮೇಲೆ ಎಳೆದುತಂದು ಉಳಿಸುತ್ತಾನೆ. ಆದರೆ ಆಲ್ಫ್ರೆಡೊ ಕಣ್ಣು ಕಳೆದುಕೊಳ್ಳುತ್ತಾನೆ. ಹೊಸದಾಗಿ ಕಟ್ಟಿದ ಟಾಕೀಸಿನಲ್ಲಿ ಯಂತ್ರ ನಡೆಸಲು ಬಲ್ಲವನು ಊರಿಗೆಲ್ಲ ಆ ಹುಡುಗ ಒಬ್ಬನೇ. ಕುರುಡನಾದ ಗುರು ಪಕ್ಕದಲ್ಲಿ ಕುಳಿತು ಕಿವಿಯಿಂದ ಕೆಲಸವನ್ನು ಗಮನಿಸುತ್ತಾನೆ. ಒಬ್ಬನ ಕಣ್ಣು, ಇನ್ನೊಬ್ಬನ ಅನುಭವ ಸೇರಿ ಒಂದು ಕೆಲಸವಾಗುತ್ತದೆ. ಹಿರಿಯ–ಕಿರಿಯರ ಸ್ನೇಹವನ್ನು ಕುರಿತ ಚಿತ್ರಗಳಲ್ಲಿ ಇದಕ್ಕಿಂತ ಶುದ್ಧವಾದ ಸಖ್ಯವನ್ನು ನಾವು ಕಂಡಿಲ್ಲ.

4

ಇಲ್ಲಿಗೆ ಚಿತ್ರ ಮುಗಿದಿದ್ದರೆ ನಮ್ಮ ಪ್ರಶ್ನೆಗೂ ಉತ್ತರ ಸಿಕ್ಕಿಬಿಡುತ್ತಿತ್ತು. ಆದರೆ ತೊತೊ ಯುವಕನಾಗುತ್ತಾನೆ. ಎಲೆನಾ ಎಂಬ ಅನುಕೂಲಸ್ಥರ ಮನೆಯ ಹುಡುಗಿಯನ್ನು ಪ್ರೀತಿಸುತ್ತಾನೆ. ಸೈನ್ಯದ ಕಡ್ಡಾಯ ಸೇವೆಗೆ ಹೋಗಿ ಬರುವಷ್ಟರಲ್ಲಿ ಅವಳ ಸುಳಿವೇ ಇರುವುದಿಲ್ಲ. ಆಗ ಆಲ್ಫ್ರೆಡೊ ಅವನಿಗೆ ಊರು ಬಿಡುವಂತೆ ಹೇಳುತ್ತಾನೆ. ಮರಳಿ ಬರಕೂಡದು, ಕಾಗದ ಬರೆಯಕೂಡದು, ನಮ್ಮ ಹಂಬಲಕ್ಕೆ ಮಣಿಯಕೂಡದು ಎಂಬುದು ಅವನ ಆಜ್ಞೆ. ಹುಡುಗ ಹೋಗುತ್ತಾನೆ, ರೋಮಿನಲ್ಲಿ ಹೆಸರಾಂತ ಚಿತ್ರನಿರ್ದೇಶಕನಾಗುತ್ತಾನೆ, ಮೂವತ್ತು ವರ್ಷ ಊರಿಗೆ ಕಾಲಿಡುವುದಿಲ್ಲ. ಆಲ್ಫ್ರೆಡೊ ಸತ್ತ ಸುದ್ದಿ ಬಂದ ಮೇಲೆಯೇ ಅವನ ಪುನರಾಗಮನ.

ಈ ಭಾಗದ ವಿಮರ್ಶೆಗೆ ಚಿತ್ರದ ಪಾಠಾಂತರಗಳ ಪರಿಚಯ ಅವಶ್ಯಕ. ಹಳಗನ್ನಡ ಗ್ರಂಥಸಂಪಾದನೆಯಲ್ಲಿ ಪ್ರತಿಗಳನ್ನು ಹೋಲಿಸಿ ನೋಡುವ ಶಿಸ್ತು ನಮಗೆ ಪರಿಚಿತವೇ ಆಗಿರುವುದರಿಂದ ಇದು ಕಷ್ಟವಾಗಲಾರದು. 1988ರಲ್ಲಿ ಇಟಲಿಯಲ್ಲಿ ಬಿಡುಗಡೆಯಾದ ಪ್ರತಿ ಸುಮಾರು 155 ನಿಮಿಷಗಳದು. ಅದಕ್ಕೆ ಜನ ಒಲಿಯಲಿಲ್ಲ. ಸುಮಾರು 124 ನಿಮಿಷಗಳಿಗೆ ಇಳಿಸಿದ ಪ್ರತಿ 1989ರಲ್ಲಿ ಕ್ಯಾನ್ ಉತ್ಸವದ ತೀರ್ಪುಗಾರರ ವಿಶೇಷ ಬಹುಮಾನವನ್ನೂ, 1990ರಲ್ಲಿ ಪರಭಾಷಾ ಚಿತ್ರಕ್ಕೆ ಮೀಸಲಾದ ಆಸ್ಕರ್ ಪ್ರಶಸ್ತಿಯನ್ನೂ ಪಡೆದು ಲೋಕವಿಖ್ಯಾತವಾಯಿತು. 2002ರಲ್ಲಿ 170 ನಿಮಿಷಗಳನ್ನು ಮೀರಿದ ನಿರ್ದೇಶಕನ ದೀರ್ಘಪ್ರತಿ ಹೊರಬಂದಿತು. ಹೆಚ್ಚಿನ ಪ್ರೇಕ್ಷಕರು ಬಲ್ಲದ್ದು ಸಂಕ್ಷಿಪ್ತ ಪ್ರತಿಯನ್ನು. ಅದರಲ್ಲಿ ಎಲೆನಾ ಏಕೆ ಬರಲಿಲ್ಲ ಎಂಬುದು ತಿಳಿಯುವುದಿಲ್ಲ. ದೀರ್ಘಪ್ರತಿಯಲ್ಲಿ ನಡುವಯಸ್ಸಿನ ಎಲೆನಾ ಮತ್ತೆ ಕಾಣಿಸಿಕೊಂಡು ಗುಟ್ಟನ್ನು ಬಿಚ್ಚುತ್ತಾಳೆ. ಅವಳು ಟಾಕೀಸಿಗೆ ಬಂದಿದ್ದಳು. ಅವನನ್ನು ಮರೆತುಬಿಡುವಂತೆ ಆಲ್ಫ್ರೆಡೊ ಅವಳಿಗೆ ಬುದ್ಧಿ ಹೇಳಿ ಕಳಿಸಿದ್ದ. ತಾನಿರುವ ಠಿಕಾಣಿಯನ್ನು ಅವಳು ಒಂದು ಚೀಟಿಯಲ್ಲಿ ಬರೆದಿಟ್ಟು ಹೋದದ್ದು ಇವನ ಕಣ್ಣಿಗೆ ಬೀಳಲೇ ಇಲ್ಲ. ಅವಳು ಬಂದುಹೋದ ಸಂಗತಿಯನ್ನು ಹಿರಿಯ ಎಂದೂ ಬಾಯಿಬಿಡಲಿಲ್ಲ.

ಈ ಎರಡು ಪ್ರತಿಗಳು ಎರಡು ಬೇರೆ ಸಂಬಂಧಗಳನ್ನು ಚಿತ್ರಿಸುತ್ತವೆ ಎಂಬುದು ನಮ್ಮ ಅಭಿಪ್ರಾಯ. ಸಂಕ್ಷಿಪ್ತ ಪ್ರತಿಯಲ್ಲಿ ಆಲ್ಫ್ರೆಡೊನ ಆಜ್ಞೆ ಕಠಿಣ, ಆದರೆ ಬಹಿರಂಗ. ಮುಖಾಮುಖಿಯಾಗಿ ಹೇಳಿದ ಮಾತು ಅದು, ಕೇಳಿದವನು ಮೀರಬಹುದಾಗಿತ್ತು. ನಿಷ್ಠುರವಾಗಿ ನುಡಿಯುವ ಅಧಿಕಾರ ಸಖನಿಗುಂಟು. ದೀರ್ಘಪ್ರತಿಯಲ್ಲಿ ಹಾಗಲ್ಲ. ಗೆಳೆಯನ ಬಾಳನ್ನು ತಿರುಗಿಸಬಲ್ಲ ಸಂಗತಿಯೊಂದನ್ನು ಅವನಿಂದ ಮರೆಮಾಡಿ, ಅವನ ಪರವಾಗಿ ತಾನೇ ತೀರ್ಮಾನ ಮಾಡಿದ ಮೇಲೆ ಆಲ್ಫ್ರೆಡೊ ಸಖನಾಗಿ ಉಳಿಯಲಿಲ್ಲ, ಪೋಷಕನಾದ. ಪರೀಕ್ಷೆಯ ಕೊಠಡಿಯಲ್ಲಿ ಗಳಿಸಿದ ಸಮಾನತೆಯನ್ನು ಅವನೇ ಹಿಂತೆಗೆದುಕೊಂಡ. ವಾತ್ಸಲ್ಯದ ಒಳಗೆ ಅಧಿಕಾರ ಅಡಗಿರುತ್ತದೆ ಎಂಬುದನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸಿದ ಚಿತ್ರಗಳು ವಿರಳ.

ಇದರಿಂದ ಕೊನೆಯ ದೃಶ್ಯದ ಅರ್ಥವೂ ಬದಲಾಗುತ್ತದೆ. ಆಲ್ಫ್ರೆಡೊ ಬಿಟ್ಟುಹೋದ ಒಂದು ರೀಲನ್ನು ರೋಮಿಗೆ ತಂದು ಹಾಕಿಸಿ ನೋಡಿದರೆ, ಪಾದ್ರಿಯ ಗಂಟೆಗೆ ಅಂಜಿ ಕತ್ತರಿಸಿದ್ದ ಮುತ್ತಿನ ತುಣುಕುಗಳೆಲ್ಲ ಒಂದಕ್ಕೊಂದು ಸೇರಿ ಹರಿಯುತ್ತವೆ. ಮೊರಿಕೋನೆ ತಂದೆಮಕ್ಕಳ ಸಂಗೀತ ಹಿನ್ನೆಲೆಯಲ್ಲಿದೆ. ಸಂಕ್ಷಿಪ್ತ ಪ್ರತಿಯನ್ನು ನೋಡಿದವನಿಗೆ ಇದು ಉಡುಗೊರೆ. ಬಾಲ್ಯದ ಒಪ್ಪಂದದಂತೆ ಇಟ್ಟುಕೊಂಡವನು ಒಡೆಯನಿಗೆ ಒಪ್ಪಿಸಿದ ನಿಕ್ಷೇಪ. ದೀರ್ಘಪ್ರತಿಯನ್ನು ನೋಡಿದವನಿಗೆ ಅದೇ ರೀಲು ಸಾಲದ ಮರುಪಾವತಿಯಂತೆ ಕಾಣುತ್ತದೆ. ನಿಜವಾದ ಪ್ರೇಮವನ್ನು ಕಸಿದುಕೊಂಡವನು ಪ್ರೇಮದ ಚಿತ್ರಗಳನ್ನು ಕೊಟ್ಟು ಋಣ ತೀರಿಸಲು ಹವಣಿಸಿದ್ದಾನೆ. ಕಲಾವಿದನೊಬ್ಬನ ಬಾಳಿನ ಲಾಭನಷ್ಟವೆಲ್ಲ ಆ ಕೆಲವು ನಿಮಿಷಗಳಲ್ಲಿ ಅಡಗಿದೆ.

ದೀರ್ಘಪ್ರತಿ ಚಿತ್ರವನ್ನು ಕೆಡಿಸಿತು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ: ಆ ಭಾಗದ ಸಂಭಾಷಣೆ ಬಿಗಿ ತಪ್ಪಿದೆ, ಸೂಚನೆಯಿಂದ ಆಗುತ್ತಿದ್ದ ಕೆಲಸವನ್ನು ವಾಚ್ಯವಾಗಿ ಮಾಡಲಾಗಿದೆ, ಧ್ವನಿಯ ದೃಷ್ಟಿಯಿಂದ ಸಂಕ್ಷಿಪ್ತ ಪ್ರತಿಯೇ ಮೇಲು. ಆದರೂ ಹಿರಿಯನ ಸ್ವಭಾವ ಅಲ್ಲಿ ಹೊಸದಾಗಿ ಹುಟ್ಟಿದ್ದಲ್ಲ ಎಂಬುದನ್ನು ಗಮನಿಸಬೇಕು. ತುಣುಕುಗಳು ನಿನ್ನವು, ಇಟ್ಟುಕೊಳ್ಳುವವನು ನಾನು ಎಂದವನೇ ಮುಂದೆ ಬಾಳಿನ ವಿಷಯದಲ್ಲಿಯೂ ಹಾಗೆಯೇ ನಡೆದುಕೊಂಡಿದ್ದಾನೆ. ಇನ್ನೊಂದು ಆಕ್ಷೇಪವೂ ಬರಬಹುದು: ಹಾಗೆ ಮಾಡದಿದ್ದರೆ ಹುಡುಗ ದೊಡ್ಡವನಾಗುತ್ತಿದ್ದನೆ? ಫಲದಿಂದ ಕರ್ಮವನ್ನು ಸಮರ್ಥಿಸುವ ಈ ವಾದವನ್ನು ಚಿತ್ರವೇ ಪೂರ್ತಿಯಾಗಿ ಒಪ್ಪಿದಂತಿಲ್ಲ. ತಾನು ದೂರವಾಣಿಯಲ್ಲಿ ಮಾತಾಡಿಸಿದಾಗಲೆಲ್ಲ ಬೇರೆಬೇರೆ ಹೆಂಗಸರ ದನಿ ಕೇಳಿತು, ನಿನ್ನನ್ನು ನಿಜವಾಗಿ ಪ್ರೀತಿಸುವವಳ ದನಿ ಕೇಳಲಿಲ್ಲ ಎಂಬರ್ಥದಲ್ಲಿ ಅವನ ತಾಯಿ ಹೇಳುತ್ತಾಳೆ. ಆ ತಾಯಿಯ ಒಂದು ಮಾತು ಮೂವತ್ತು ವರ್ಷದ ಕೀರ್ತಿಯ ಪಕ್ಕದಲ್ಲಿ ತೂಗಬೇಕಾದ ಮಾತು.

5

ಈಗ ನಮ್ಮ ನೆಲಕ್ಕೆ ಬರಬಹುದು. 1809ರಲ್ಲಿ ಹುಟ್ಟಿದ ದಂಡು, 1947ರಲ್ಲಿ ಮೈಸೂರು ಸರ್ಕಾರಕ್ಕೆ ಮರಳಿ, 1949ರಲ್ಲಿ ಪೇಟೆಯ ಬೆಂಗಳೂರಿನೊಡನೆ ಒಂದೇ ನಗರಸಭೆಯಾಯಿತು. ತಮಿಳು, ಉರ್ದು, ತೆಲುಗು, ಕನ್ನಡ, ಇಂಗ್ಲಿಷ್ ಬೆರೆತ ಈ ಭಾಗದಲ್ಲಿ ಟಾಕೀಸುಗಳು ಬಹುಕಾಲ ಒಂದು ಬಗೆಯ ಪಾಠಶಾಲೆಗಳಾಗಿದ್ದವು. ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ಅಪರಿಚಿತ ಹಿರಿಯರ ಪಕ್ಕದಲ್ಲಿ ಕುಳಿತು ಪರಭಾಷೆಯನ್ನು ಕಿವಿಯಿಂದಲೇ ಕಲಿತ ಮಕ್ಕಳು ಇಲ್ಲಿ ಕಡಮೆಯಲ್ಲ. ಆ ಮಂದಿರಗಳ ಗತಿಯನ್ನು ಎಲ್ಲರೂ ಬಲ್ಲರು. 1936ರಲ್ಲಿ ತೆರೆದ ಪ್ಲಾಜಾ ಮಹಾತ್ಮಾ ಗಾಂಧಿ ರಸ್ತೆಯ ಮೆಟ್ರೊ ನಿಲ್ದಾಣಕ್ಕೆ ಎಡೆಮಾಡಿಕೊಟ್ಟಿತು. ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂಬ ಪಡೆಯ ಹೆಸರನ್ನು ಹೊತ್ತಿದ್ದ ಬಿ.ಆರ್.ವಿ. ಸೈನಿಕರ ಕ್ಯಾಂಟೀನಾಯಿತು. ಹಲಸೂರಿನ ಬಳಿಯ ಲಿಡೊ ಈಗ ಮಾಲೊಂದರ ಹೆಸರಿನಲ್ಲಿ ಮಾತ್ರ ಉಳಿದಿದೆ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಮುಚ್ಚಿತು. ಜಾಂಕಾಲ್ಡೊದ ಟಾಕೀಸು ವಾಹನಗಳ ನಿಲುಗಡೆಗಾಗಿ ಉರುಳುವ ದೃಶ್ಯವನ್ನು ನಮ್ಮ ವಿದ್ಯಾರ್ಥಿಗಳಿಗೆ ವಿವರಿಸಬೇಕಾದ ಅಗತ್ಯವಿಲ್ಲ.

ಹೋದದ್ದು ಕಟ್ಟಡವಷ್ಟೇ ಆಗಿದ್ದರೆ ದುಃಖ ಅಲ್ಪವಾಗಿರುತ್ತಿತ್ತು. ರೀಲು ಸುತ್ತುವುದು, ಹರಿದದ್ದನ್ನು ಅಂಟಿಸುವುದು, ಒಂದು ಯಂತ್ರದಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದಂತೆ ದಾಟಿಸುವುದು, ಇವೆಲ್ಲ ಹಿರಿಯನ ಪಕ್ಕದಲ್ಲಿ ಕಿರಿಯ ನಿಂತು ಕಲಿಯಬೇಕಾದ ಕೆಲಸಗಳು. ಅಂಕೀಯ ಪ್ರದರ್ಶನ ಬಂದ ಮೇಲೆ ಆ ಕಲಿಕೆ ಅನಾವಶ್ಯಕವಾಯಿತು. ರಕ್ತಸಂಬಂಧವಿಲ್ಲದ ಹಿರಿಯನೊಬ್ಬನೂ ಹುಡುಗನೊಬ್ಬನೂ ಕೂಡಿ ಮಾಡುವ ಕೆಲಸಗಳು ಊರಿನಲ್ಲಿ ಕಡಮೆಯಾದಷ್ಟೂ ಅವರಿಬ್ಬರ ಸ್ನೇಹಕ್ಕೆ ಉಳಿಯುವುದು ಮನೆಯೊಳಗಿನ ವಾತ್ಸಲ್ಯ ಒಂದೇ. ಆ ವಾತ್ಸಲ್ಯವಾದರೂ ಇಂದು ಏನು ಹೇಳುತ್ತಿದೆ? ಚೆನ್ನಾಗಿ ಓದು, ಹೊರದೇಶಕ್ಕೆ ಹೋಗು ಎನ್ನುತ್ತಿದೆ. ಇಂದಿರಾನಗರದ ಎಷ್ಟೋ ಮನೆಗಳಲ್ಲಿ ಹಾಗೆ ಕಳಿಸಿಕೊಟ್ಟ ಹಿರಿಯರು ಮೊಮ್ಮಕ್ಕಳನ್ನು ಫೋನಿನ ಗಾಜಿನಲ್ಲಿ ನೋಡುತ್ತ ಕುಳಿತಿದ್ದಾರೆ. ಕೃಷ್ಣರಾಜಪುರದ ಆಚೆಗೆ ಎದ್ದಿರುವ ಕಚೇರಿಗಳಿಗೆ ಬಂದು ಸೇರಿದ ತರುಣರೂ ಬೇರೆ ಯಾವುದೋ ಊರಿನ ಆಲ್ಫ್ರೆಡೊಗಳು ಕಳಿಸಿದವರೇ.

ಹೋಗಬಾರದೆಂದು ನಾವು ಹೇಳುತ್ತಿಲ್ಲ. ಊರಿನ ಸಣ್ಣತನ ಪ್ರತಿಭೆಯನ್ನು ಕೊಲ್ಲಬಲ್ಲದೆಂಬ ಆಲ್ಫ್ರೆಡೊನ ಭಯ ಸುಳ್ಳಲ್ಲ. ಬಡತನವನ್ನು ಕಂಡವರು ಆ ಭಯವನ್ನು ಬಲ್ಲರು. ಆದರೆ ಕಿರಿಯರ ಹಿತದ ಹೆಸರಿನಲ್ಲಿ ಅವರಿಂದ ಏನನ್ನು ಬಚ್ಚಿಡುತ್ತಿದ್ದೇವೆ ಎಂದು ಹಿರಿಯರು ಕೇಳಿಕೊಳ್ಳಬೇಕು. ಹೋದರೆ ದೊರೆಯುವುದನ್ನು ಮಾತ್ರ ಹೇಳಿ, ಕಳೆದುಹೋಗುವುದನ್ನು ಹೇಳದಿದ್ದರೆ ಅದು ಎಲೆನಾ ಬಂದುಹೋದದ್ದನ್ನು ಹೇಳದಿದ್ದಂತೆಯೇ. ಅಧ್ಯಾಪಕರಿಗೆ ಈ ಮಾತು ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ. ನಾವು ವಿದ್ಯಾರ್ಥಿಗಳಿಗೆ ಬಂಧುಗಳಲ್ಲ, ಆಲ್ಫ್ರೆಡೊನಂತೆ ಕಸುಬಿನ ಮೂಲಕ ಹತ್ತಿರವಾದವರು.

ಆದುದರಿಂದ ಈ ಚಿತ್ರವನ್ನು ತರಗತಿಯಲ್ಲಿ ತೋರಿಸುವವರು ಎರಡು ಪ್ರತಿಗಳನ್ನೂ ತೋರಿಸಬೇಕೆಂಬುದು ನಮ್ಮ ಸೂಚನೆ. ಮೊದಲನೆಯದರಿಂದ ಆಲ್ಫ್ರೆಡೊನನ್ನು ಪ್ರೀತಿಸಲು ಕಲಿತವರು ಎರಡನೆಯದರಿಂದ ಅವನನ್ನು ಪ್ರಶ್ನಿಸಲು ಕಲಿಯುತ್ತಾರೆ. ಪ್ರಶ್ನಿಸುವಾಗ ಅಳತೆಗೋಲಾಗಿ ಬೇರೆ ಯಾವ ಶಾಸ್ತ್ರವೂ ಬೇಕಾಗಿಲ್ಲ. ಆ ಪರೀಕ್ಷೆಯ ಕೊಠಡಿಯೇ ಸಾಕು. ಅಲ್ಲಿ ಕೊಡುವುದೇನು, ಪಡೆಯುವುದೇನು ಎಂಬುದು ಹಿರಿಯನಿಗೂ ಹುಡುಗನಿಗೂ ಸಮನಾಗಿ ತಿಳಿದಿತ್ತು.